ನಲವತ್ತನೆಯ ಕುರ್ಚಿ

ಫೋನು ಬಂದಾಗ ನಾನು ಊಟದ ಡಬ್ಬಿ ತೆರೆದು ಚಿತ್ರಾನ್ನಕ್ಕೆ ಚಮಚ ಹಾಕಿದ್ದೆ. ಅತ್ತ ಕಡೆ ಇದ್ದವರು ಒಂದು ಬೇಸ್‌ಬಾಲ್ ಸಂಸ್ಥೆಯ ಕಿರಿಯ ತಂಡಗಳ ನಿರ್ದೇಶಕರು. ನಮ್ಮದು ವಾಷಿಂಗ್ಟನ್ ಅಂಚಿನ ಪುಟ್ಟ ವಲಸೆ ಕಾನೂನಿನ ಕಚೇರಿ. ಅರವತ್ತು ದಾಟಿದ ಒಬ್ಬ ವಕೀಲೆ, ಅವರಿಗೆ ಅರ್ಜಿಗಳನ್ನು ಸಿದ್ಧಪಡಿಸಿಕೊಡುವ ಸಹಾಯಕಿ ನಾನು. ಆ ಸಂಸ್ಥೆಯ ವಿದೇಶಿ ಆಟಗಾರರ ವೀಸಾ ಕೆಲಸವೆಲ್ಲ ನಮ್ಮ ಮೇಜಿನ ಮೇಲೆಯೇ ಆಗುತ್ತಿತ್ತು.

"ಒಂದೇ ಪ್ರಶ್ನೆ," ಎಂದರು ನಿರ್ದೇಶಕರು. ನಮ್ಮ ಮಾತು ಇಂಗ್ಲಿಷಿನಲ್ಲಿ. ಇಲ್ಲಿ ನನ್ನ ಬಾಯಿಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇನ್ನೊಂದು ತಂಡದ ಜೊತೆ ಟ್ರೇಡ್ ಮಾತಾಡ್ತಾ ಇದೀವಿ. ನಮ್ಮ ಪಿಚರ್ ಒಬ್ಬನನ್ನ ಕೊಟ್ಟು ಅವರ ಔಟ್‌ಫೀಲ್ಡರ್ ಒಬ್ಬನನ್ನ ತಗೋತೀವಿ. ಅವನು ವಿದೇಶದವನು. ಅವನ ವೀಸಾ ಅವನ ಜೊತೇಲೇ ಬರತ್ತೆ ತಾನೆ? ನಮ್ಮ ಪಾಲಿನ ಲೆಕ್ಕಕ್ಕೆ ಸೇರಲ್ಲ ಅಲ್ವಾ?"

"ಬರತ್ತೆ," ಎಂದೆ. "ಸೇರಲ್ಲ."

ಪುಸ್ತಕ ತೆರೆದು ನೋಡಲಿಲ್ಲ. ನೋಡುವ ಅಗತ್ಯವಿದೆ ಎಂದು ಅನಿಸಲೂ ಇಲ್ಲ. ನಾವಿದ್ದ ಕೊಲಂಬಿಯಾ ಎಂಬ ಊರಿನಲ್ಲಿ ಯಾವ ಕನ್ನಡದವರ ಮನೆಗೆ ಊಟಕ್ಕೆ ಹೋದರೂ ಸಾರಿಗಿಂತ ಮೊದಲು ವೀಸಾ ಬಡಿಸುತ್ತಾರೆ. ಯಾರು ಕಂಪನಿ ಬಿಟ್ಟರು, ಯಾರದು ಟ್ರಾನ್ಸ್‌ಫರ್ ಆಯಿತು, ಯಾರದು ಅಡ್ಡ ಬಿತ್ತು ಎಂಬುದೇ ಮಾತು. ಕಂಪ್ಯೂಟರ್ ಕೆಲಸದವರ ಎಚ್-ಒನ್ ವೀಸಾ ವರ್ಷಕ್ಕಿಷ್ಟೇ ಎಂಬ ಸರ್ಕಾರದ ಎಣಿಕೆಗೆ ಒಮ್ಮೆ ಸಿಕ್ಕಿತೆಂದರೆ ಆಯಿತು. ಕಂಪನಿ ಬದಲಾಯಿಸಿದರೆ ಅವನನ್ನು ಮತ್ತೆ ಎಣಿಸುವುದಿಲ್ಲ. ಇದು ನನಗೆ ಮಗ್ಗಿಯಂತೆ ಬಾಯಿಗೆ ಬಂದಿದ್ದ ನಿಯಮ. ನಿರ್ದೇಶಕರು ಥ್ಯಾಂಕ್ಸ್ ಹೇಳಿ ಫೋನಿಟ್ಟರು. ನಾನು ಚಿತ್ರಾನ್ನ ಮುಗಿಸಿದೆ. ಉಪ್ಪು ಸ್ವಲ್ಪ ಮುಂದಾಗಿತ್ತು ಎಂಬುದೂ ನೆನಪಿದೆ.

ಎರಡು ದಿನಕ್ಕೆ ಟ್ರೇಡ್ ಆಯಿತು. ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನಾನು ಜಂಬದವಳೇ, ಮುಚ್ಚಿಡುವುದೇನಿದೆ? ಮೈಸೂರಿನಲ್ಲಿ ಕಾನೂನು ಓದಿ, ಇಲ್ಲಿಗೆ ಬಂದು ಕೆಲಸ ಮಾಡಲು ಪರವಾನಗಿ ಇಲ್ಲದೆ ನಾಲ್ಕು ವರ್ಷ ಮನೆಯಲ್ಲಿ ಕೂತವಳು. ಒಂದು ದೊಡ್ಡ ತಂಡ ನನ್ನ ಮಾತು ಕೇಳಿ ಹೆಜ್ಜೆ ಇಟ್ಟಿದೆ ಎಂದರೆ ಖುಷಿಯಾಗದೆ ಇರುತ್ತದೆಯೇ?

ಈ ಕೆಲಸದ ಒಳಗುಟ್ಟು ಸ್ವಲ್ಪ ಹೇಳಬೇಕು. ಒಂದು ಬೇಸ್‌ಬಾಲ್ ಸಂಸ್ಥೆ ಎಂದರೆ ಟಿವಿಯಲ್ಲಿ ಕಾಣುವ ಮುಖ್ಯ ತಂಡ ಮಾತ್ರವಲ್ಲ. ಅದರ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಿರಿಯ ತಂಡಗಳಿರುತ್ತವೆ. ನಮ್ಮ ಸಂಸ್ಥೆಯ ಎರಡು ತಂಡಗಳು ಕ್ಯಾರೊಲಿನಾದ ಸಣ್ಣ ಊರುಗಳಲ್ಲಿದ್ದವು. ಮುಖ್ಯ ತಂಡದ ಪಟ್ಟಿಯಲ್ಲಿ ನಲವತ್ತು ಹೆಸರುಗಳಿಗೆ ಮಾತ್ರ ಜಾಗ. ಆ ನಲವತ್ತರೊಳಗೆ ಸೇರಿದ ವಿದೇಶಿ ಆಟಗಾರನಿಗೆ ಹೆಸರಾಂತ ಕ್ರೀಡಾಪಟುಗಳ ವೀಸಾ ಸಿಗುತ್ತದೆ, ಅದಕ್ಕೆ ಮಿತಿಯಿಲ್ಲ. ಅದರ ಹೊರಗಿರುವ ವಿದೇಶಿಯರೆಲ್ಲ ಋತುಮಾನದ ಕೂಲಿಗಳು. ಹೋಟೆಲಿನ ಕೋಣೆ ಗುಡಿಸಲು, ಏಡಿ ಬಿಡಿಸಲು ಬರುವವರಿಗೆ ಕೊಡುವ ವೀಸಾವೇ ಇವರಿಗೂ. ಅದಕ್ಕೆ ಮಾತ್ರ ಕಾರ್ಮಿಕ ಇಲಾಖೆ ಒಂದೊಂದು ಸಂಸ್ಥೆಗೂ ಇಷ್ಟೇ ಎಂದು ಸಂಖ್ಯೆ ಕೊಡುತ್ತದೆ. ಆ ವರ್ಷ ನಮ್ಮ ಸಂಖ್ಯೆ ಕೊನೆಯ ಹೆಸರಿನವರೆಗೂ ತುಂಬಿತ್ತು.

ಮುಂದಿನ ವಾರ ಅಂತಿಮ ಪಟ್ಟಿ ಟೈಪ್ ಮಾಡಲು ಕೂತೆ. ಒಂದೊಂದು ಹೆಸರಿಗೂ ಪಾಸ್‌ಪೋರ್ಟಿನ ಪ್ರತಿ, ಒಪ್ಪಂದದ ಪ್ರತಿ, ಹೋದ ವರ್ಷದ ವೀಸಾದ ಪ್ರತಿ. ಇಲಾಖೆಯ ಪತ್ರವನ್ನು ಮೇಲಿಡಬೇಕಿತ್ತು. ಅದರ ಎರಡನೆಯ ಪುಟ ತಿರುವಿದೆ. ಸಂಖ್ಯೆ ಸಂಸ್ಥೆಗೆ ಸೇರಿದ್ದು, ಆಟಗಾರನಿಗಲ್ಲ. ಆಟಗಾರ ಸಂಸ್ಥೆ ಬದಲಾಯಿಸಿದರೆ ಹೊಸ ಸಂಸ್ಥೆಯ ಲೆಕ್ಕದಲ್ಲಿ ಹೊಸದಾಗಿ ಎಣಿಸತಕ್ಕದ್ದು ಎಂಬ ಅರ್ಥದ ಒಂದು ಸಾಲು ಅಲ್ಲಿತ್ತು. ಮೂರು ಸಲ ಓದಿದೆ. ಆ ಔಟ್‌ಫೀಲ್ಡರ್ ಬಂದಿದ್ದ, ಅವನ ಕುರ್ಚಿ ಹಳೆಯ ತಂಡದಲ್ಲೇ ಉಳಿದಿತ್ತು. ನಮ್ಮಲ್ಲಿ ಒಬ್ಬರು ಹೆಚ್ಚಾಗಿದ್ದರು.

ವಕೀಲರ ಕೋಣೆಗೆ ಹೋಗಿ ಪತ್ರವನ್ನು ಅವರ ಮುಂದಿಟ್ಟೆ.

"ಸೇರಲ್ಲ ಅಂತ ಅವರಿಗೆ ಯಾರು ಹೇಳಿದ್ದು?" ಎಂದರು.

"ನಾನು."

"ಎಲ್ಲಿ ನೋಡಿ ಹೇಳಿದೆ?"

"ಎಲ್ಲೂ ನೋಡಲಿಲ್ಲ. ಎಚ್-ಒನ್ ಥರಾನೇ ಅಂದ್ಕೊಂಡೆ."

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ನಿರ್ದೇಶಕರಿಗೆ ಫೋನು ಮಾಡಿ, ಪಟ್ಟಿಯಲ್ಲಿ ಒಬ್ಬರು ಹೆಚ್ಚಾಗಿದ್ದಾರೆ, ಕಾರಣವನ್ನು ಆಮೇಲೆ ತಿಳಿಸುತ್ತೇವೆ ಎಂದರು. ಗಂಟೆಯೊಳಗೆ ಫ್ಯಾಕ್ಸ್ ಯಂತ್ರ ಕಿರ್ರೆಂದಿತು. ನಮ್ಮದೇ ಪಟ್ಟಿ ವಾಪಸ್ಸು ಬಂದಿತ್ತು, ಒಂದು ಹೆಸರಿನ ಮೇಲೆ ಗೀಟು ಎಳೆದು. ಕ್ಯಾರೊಲಿನಾದ ಒಂದು ತಂಡದ ಕ್ಯಾಚರ್, ಪಿಚರ್ ಎಸೆದ ಚೆಂಡನ್ನು ಎದುರು ಕೂತು ಹಿಡಿಯುವವನು. ಅವನನ್ನು ಈ ವಸಂತಕ್ಕೆ ಕರೆಸುವುದಿಲ್ಲ, ಅಟ್ಲಾಂಟಾದಲ್ಲಿ ಎಲ್ಲ ಸಂಸ್ಥೆಗಳವರು ಸೇರುವ ಚಳಿಗಾಲದ ಸಭೆ ಮುಗಿದ ಮೇಲೆ ಒಪ್ಪಂದ ರದ್ದು ಮಾಡಿದ ಪತ್ರ ಹೋಗುತ್ತದೆ ಎಂದು ಕೆಳಗೆ ಬರೆದಿದ್ದರು.

ಆ ಕ್ಯಾಚರ್ ನನಗೆ ಗೊತ್ತಿದ್ದ. ಹಿಂದಿನ ಆಗಸ್ಟಿನಲ್ಲಿ ಸಹಿಗಳಿಗಾಗಿ ಏಳು ಗಂಟೆ ಡ್ರೈವ್ ಮಾಡಿಕೊಂಡು ಆ ತಂಡದ ಊರಿಗೆ ಹೋಗಿದ್ದೆ. ಸುಡು ಬಿಸಿಲು. ಆಟಗಾರರೆಲ್ಲ ಸ್ಪ್ಯಾನಿಷಿನಲ್ಲಿ ಗದ್ದಲ ಹಾಕುತ್ತ ನನ್ನ ಸುತ್ತ ಮುತ್ತಿಕೊಂಡಾಗ ಇಪ್ಪತ್ಮೂರರ ಈ ಮನುಷ್ಯ ಅವರನ್ನು ಸಾಲು ಹಿಡಿಸಿದ, ಯಾವ ಗೆರೆಯ ಮೇಲೆ ಸಹಿ ಎಂದು ಒಬ್ಬೊಬ್ಬರಿಗೂ ತೋರಿಸಿದ. ತನ್ನ ಸರದಿ ಬಂದಾಗ ಪ್ಲಾಸ್ಟಿಕ್ ಕವರಿನಿಂದ ಹುಟ್ಟಿದ ದಿನದ ದಾಖಲೆಯಿಂದ ಹಿಡಿದು ಎಲ್ಲವನ್ನೂ ಕ್ರಮವಾಗಿ ತೆಗೆದುಕೊಟ್ಟ. ಸಂಜೆ ಅವನ ಆಟವನ್ನೂ ನೋಡಿದೆ. ಬ್ಯಾಟಿಂಗ್ ಮಾತ್ರ ದೇವರಿಗೇ ಪ್ರೀತಿ. ಆದರೆ ಕುಕ್ಕರಗಾಲಿನಲ್ಲಿ ಕೂತು ಚೆಂಡು ಹಿಡಿಯುವಾಗ ಅವನು ಬೇರೆಯೇ. ಎಸೆಯುವವನು ತಬ್ಬಿಬ್ಬಾದ ಕೂಡಲೇ ಎದ್ದು ಹೋಗಿ, ಹೆಗಲ ಮೇಲೆ ಕೈಯಿಟ್ಟು, ಏನೋ ಹೇಳಿ ನಗಿಸಿ ಬರುತ್ತಿದ್ದ.

"ಮೇಡಂ, ನನಗೆ ಇನ್ನೆರಡು ವರ್ಷ ಸಿಕ್ಕಿದ್ರೆ ಸಾಕು," ಎಂದಿದ್ದ ನನ್ನ ಹತ್ತಿರ. "ಬ್ಯಾಟಿಂಗ್ ಬಂದ್ರೆ ಮೇಲೆ ಹೋಗ್ತೀನಿ. ಬರದಿದ್ರೆ ಕೋಚ್ ಆಗೋ ಅಷ್ಟು ಕಲಿತಿರ್ತೀನಿ."

ಆ ಎರಡು ವರ್ಷದ ಮೇಲೆ ನನ್ನಿಂದ ಗೀಟು ಬಿದ್ದಿತ್ತು.

ಶನಿವಾರ ಬೆಳಗ್ಗೆ ದೋಸೆ ಹುಯ್ಯುತ್ತ ಗಂಡನ ಮುಂದೆ ಎಲ್ಲ ಕಕ್ಕಿದೆ. ಅವರು ದಿನವೂ ಶ್ಯಾಂಟಿಲಿಗೆ ಡ್ರೈವ್ ಮಾಡಿ, ಸರ್ಕಾರಿ ಗುತ್ತಿಗೆಯ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದವರು.

"ನೀನ್ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ಅವನು ಬ್ಯಾಟ್ ಮಾಡಲ್ಲ ಅಂತ ತೆಗೀತಿದಾರೆ ಕಣೇ," ಎಂದರು.

"ಅಲ್ಲ ರೀ. ನಾನು ತಪ್ಪು ಹೇಳಿದ್ದಕ್ಕೆ ತೆಗೀತಿದಾರೆ. ಇಲ್ದಿದ್ರೆ ಈ ವರ್ಷ ಇರ್ತಿದ್ದ."

"ಸರಿ, ಜಾಗ ಇಲ್ವಲ್ಲ. ಏನ್ ಮಾಡಕ್ಕಾಗತ್ತೆ? ನಮ್ ಆಫೀಸಲ್ಲೂ ಇದೇ ಗೋಳು. ಸಿಟಿಜನ್ ಆದ್ರೆ ಸೋಮವಾರ ಇಂಟರ್‌ವ್ಯೂ, ಮಂಗಳವಾರ ಜಾಯಿನ್. ನಮ್ಮಂಥವ್ರನ್ನ ತಗೋಬೇಕಾದ್ರೆ ಮಾತ್ರ ಆರು ತಿಂಗಳ ಮುಂಚೆನೇ ಸೀಟ್ ಹಿಡಿದಿಡ್ಬೇಕು."

ದೋಸೆ ಸೀದಿತು. ನಾನು ಒಲೆ ಆರಿಸಿ ಕಾಗದ ಪೆನ್ನು ತಂದೆ.

"ಏನಾಯ್ತೇ?"

"ತಡೀರಿ ಒಂದ್ನಿಮಿಷ."

ಮುಖ್ಯ ತಂಡದ ಪಟ್ಟಿ ನನ್ನ ಚೀಲದಲ್ಲೇ ಇತ್ತು. ಪಿಚರ್ ಒಬ್ಬನನ್ನು ಕೊಟ್ಟು, ಬದಲಿಗೆ ಬಂದವನು ಕಿರಿಯ ತಂಡಕ್ಕೆ ಸೇರಿದ್ದರಿಂದ ಅಲ್ಲಿ ಈಗ ಮೂವತ್ತೊಂಬತ್ತು ಹೆಸರು. ನಲವತ್ತನೆಯ ಜಾಗವನ್ನು ಖಾಲಿ ಹಿಡಿದಿಟ್ಟಿದ್ದು ಒಬ್ಬ ಹಿರಿಯ ಆಟಗಾರನಿಗಾಗಿ. ಅವನು ಒಪ್ಪಂದ ಮುಗಿದು ಯಾವ ತಂಡಕ್ಕೆ ಬೇಕಾದರೂ ಹೋಗಬಹುದಾದ ಫ್ರೀ ಏಜೆಂಟ್. ವಯಸ್ಸು ಮೂವತ್ತನಾಲ್ಕು, ಒಳಮೈದಾನದಲ್ಲಿ ಎಲ್ಲಿ ನಿಲ್ಲಿಸಿದರೂ ಆಡುವವನು, ಹುಟ್ಟಾ ಅಮೆರಿಕನ್. ಅವನಿಗೆ ವೀಸಾ ಬೇಡ. ಆಟ ಶುರುವಾಗುವ ಏಪ್ರಿಲ್ಲಿನವರೆಗೆ ಅವನ ಹೆಸರು ಪಟ್ಟಿಯಲ್ಲಿ ಇರಲೇಬೇಕೆಂದೂ ಇಲ್ಲ. ತರಬೇತಿ ಶಿಬಿರಕ್ಕೆ ಅತಿಥಿಯಾಗಿ ಕರೆದು, ಅಷ್ಟರಲ್ಲಿ ಯಾರನ್ನಾದರೂ ಕೈಬಿಟ್ಟು ಜಾಗ ತೆರವಾದಾಗ ಸೇರಿಸಿಕೊಳ್ಳಬಹುದು. ತಂಡಗಳು ಹಾಗೆ ಮಾಡುವುದುಂಟು.

ಕ್ಯಾಚರ್ ಆಡುತ್ತಿದ್ದ ಅದೇ ಕ್ಯಾರೊಲಿನಾ ತಂಡದಲ್ಲಿ ಎಡಗೈ ಪಿಚರ್ ಒಬ್ಬನಿದ್ದ, ವಿದೇಶದವನು. ಮುಂದಿನ ನವೆಂಬರಿನಲ್ಲಿ ಅವನನ್ನು ನಲವತ್ತರೊಳಗೆ ಸೇರಿಸದಿದ್ದರೆ ಬೇರೆ ತಂಡದವರು ಎಗರಿಸಿಕೊಂಡು ಹೋಗುತ್ತಾರೆ ಎಂದು ನಿರ್ದೇಶಕರೇ ಹೇಳಿದ್ದರು. ಮುಂದಿನ ವರ್ಷ ಹೇಗೂ ಸೇರುವವನನ್ನು ಈ ವರ್ಷವೇ ಸೇರಿಸಿದರೆ? ಅವನು ಕ್ರೀಡಾಪಟುಗಳ ವೀಸಾಕ್ಕೆ ಹೋಗುತ್ತಾನೆ. ಋತುಮಾನದ ಲೆಕ್ಕದಲ್ಲಿ ಒಂದು ಕುರ್ಚಿ ಖಾಲಿಯಾಗುತ್ತದೆ. ಕ್ಯಾಚರ್ ಅಲ್ಲಿ ಕೂರುತ್ತಾನೆ.

ಸೋಮವಾರ ವಕೀಲರ ಮುಂದೆ ಕಾಗದ ಹರಡಿದೆ. ಅವರು ಮೊದಲಿನಿಂದ ಕೊನೆಯವರೆಗೆ ನೋಡಿದರು.

"ಇದು ಕಾನೂನಿನ ಸಲಹೇನೋ, ಬೇಸ್‌ಬಾಲ್ ಸಲಹೇನೋ?"

"ಎರಡೂ ಅನ್ಸತ್ತೆ."

"ಫೋನಲ್ಲಿ ಹೇಳಿದ್ರೆ ಬೇಡ ಅನ್ನೋದು ಸುಲಭ. ಅಟ್ಲಾಂಟಾದಲ್ಲಿ ಅವರ ಸಭೆ ಇನ್ನೂ ಎರಡು ದಿನ ಇದೆ, ಹೋಗು. ಆದ್ರೆ ಮೊದಲು ನಮ್ಮ ತಪ್ಪು ಹೇಳ್ಬೇಕು. ಅದು ಹೇಳದೆ ಇದನ್ನ ಹೇಳೋ ಹಾಗಿಲ್ಲ. ನಾನೇ ಬರೆದು ಕಳಿಸಲಾ, ನೀನೇ ಹೇಳ್ತೀಯಾ?"

ಪತ್ರದಲ್ಲಾದರೆ 'ಕಚೇರಿಯ ಲೋಪ' ಎಂದು ಬರುತ್ತದೆ, ನನ್ನ ಹೆಸರಿರುವುದಿಲ್ಲ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

"ನಾನೇ ಹೇಳ್ತೀನಿ," ಎಂದೆ.

ಅಟ್ಲಾಂಟಾದ ಹೋಟೆಲಿನ ಆ ಕೋಣೆಯಲ್ಲಿ ಐದು ಗಂಡಸರು, ತಣ್ಣಗಾದ ಕಾಫಿ, ಗೋಡೆಗೆ ಒರಗಿಸಿದ ದೊಡ್ಡ ಬಿಳಿ ಹಲಗೆ. ಪ್ರತಿ ಆಟಗಾರನ ಹೆಸರೂ ಒಂದೊಂದು ಅಯಸ್ಕಾಂತದ ಪಟ್ಟಿಯ ಮೇಲೆ, ತಂಡವಾರು ಅಂಟಿಸಿತ್ತು. ಬೇಡವಾದವರ ಪಟ್ಟಿಗಳು ಹಲಗೆಯ ಕೆಳಗಿನ ತಟ್ಟೆಯಲ್ಲಿ ಬಿದ್ದಿದ್ದವು. ಎಲ್ಲಕ್ಕಿಂತ ಮೇಲೆ ಕ್ಯಾಚರನ ಹೆಸರು ಕಂಡಿತು. ಕಂಚಿ ಸೀರೆ ಉಟ್ಟಿದ್ದರೆ ಧೈರ್ಯ ಬರುತ್ತಿತ್ತೋ ಏನೋ, ಉಟ್ಟಿದ್ದು ಕಡ ತಂದ ಕೋಟು, ತೋಳು ಉದ್ದ.

ಕೂತವರಲ್ಲಿ ಕೊನೆಯ ಮಾತು ಜನರಲ್ ಮ್ಯಾನೇಜರ್ ಅವರದು. ಆಟಗಾರರನ್ನು ಕೊಳ್ಳುವುದು, ಕೊಡುವುದು, ಬಿಡುವುದು ಎಲ್ಲ ಅವರ ಕೈಯಲ್ಲಿ. ನಾನು ನಿಂತೇ ಹೇಳಿದೆ. ಟ್ರೇಡ್‌ಗೆ ಮುಂಚೆ ನಿಮ್ಮವರು ಕೇಳಿದಾಗ ನಿಯಮ ನೋಡದೆ ತಪ್ಪು ಉತ್ತರ ಕೊಟ್ಟವಳು ನಾನು, ಒಬ್ಬರು ಹೆಚ್ಚಾಗಿದ್ದು ಅದರಿಂದ ಎಂದೆ.

"ಅಂದ್ರೆ ನಿಮ್ಮ ಮಾತು ನಂಬಿ ನಾನು ಪಿಚರ್ ಕೊಟ್ಟೆ," ಎಂದರು ಅವರು.

"ಹೌದು."

"ಗೊತ್ತಿದ್ದಿದ್ರೂ ಬಹುಶಃ ಕೊಡ್ತಿದ್ದೆ. ಆದ್ರೆ ಗೊತ್ತಿದ್ದು ಕೊಡ್ತಿದ್ದೆ."

ನನ್ನ ಕಾಗದವನ್ನು ಮೇಜಿನ ಮೇಲಿಟ್ಟು ಎಡಗೈ ಪಿಚರನ ಲೆಕ್ಕ ಹೇಳಿದೆ.

"ತಂಡದ ಪಟ್ಟೀಲಿ ಯಾರ್ಯಾರು ಇರ್ಬೇಕು ಅಂತ ವೀಸಾ ಆಫೀಸಿನವರು ಹೇಳ್ಕೊಡ್ತಿದೀರಾ?"

"ಯಾರು ಚೆನ್ನಾಗಿ ಆಡ್ತಾರೆ ಅಂತ ನಾನು ಹೇಳ್ತಿಲ್ಲ ಸರ್. ಯಾರಿಗೆ ಕುರ್ಚಿ ಈಗಲೇ ಬೇಕು, ಯಾರು ಏಪ್ರಿಲ್‌ವರೆಗೆ ಕಾಯಬಹುದು, ಅಷ್ಟು ಮಾತ್ರ ಹೇಳ್ತಿದೀನಿ."

"ಆ ಎಡಗೈಯವನನ್ನ ಈಗ ಸೇರಿಸಿದ್ರೆ ಅವನನ್ನ ಕೆಳಗಿನ ತಂಡಕ್ಕೆ ಕಳಿಸೋದಕ್ಕೆ ಇರೋ ಮೂರು ವರ್ಷದಲ್ಲಿ ಒಂದು ಈಗಲೇ ಖರ್ಚು. ಅದು ಗೊತ್ತಾ?"

"ಗೊತ್ತು. ಮುಂದಿನ ವರ್ಷ ಶುರುವಾಗೋದು ಈ ವರ್ಷ ಶುರುವಾಗತ್ತೆ."

"ಅದೂ ಬ್ಯಾಟ್ ಹಿಡಿಯೋಕೆ ಬರದ ಕ್ಯಾಚರ್‌ಗೋಸ್ಕರ."

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ನಾನು ಆಗಸ್ಟಿನಲ್ಲಿ ಕಂಡದ್ದನ್ನು ಹೇಳಿದೆ. ಎಡಗೈಯವನು ಗುರಿ ತಪ್ಪಿ ಎಸೆದು, ಎದುರಾಳಿಗಳಲ್ಲಿ ಒಂದೇ ಸಮನೆ ಮೂರು ಜನರನ್ನು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆಯಲು ಬಿಟ್ಟು ಕಂಗಾಲಾಗಿದ್ದ. ಕ್ಯಾಚರ್ ಎದ್ದು ಹೋಗಿ ಮಾತನಾಡಿಸಿ ಬಂದ ಮೇಲೆ ಮುಂದಿನ ಮೂವರನ್ನೂ ಔಟ್ ಮಾಡಿದ. ನನಗೆ ಬೇಸ್‌ಬಾಲ್ ಪೂರ್ತಿ ಅರ್ಥವಾಗುವುದಿಲ್ಲ, ಆದರೆ ಯಾರ ಮುಖದಲ್ಲಿ ಜೀವ ಬಂತು ಎಂಬುದು ಕಾಣುತ್ತದೆ ಎಂದೆ.

ಅಲ್ಲಿಯವರೆಗೆ ಬಾಯಿ ಬಿಡದ ನಿರ್ದೇಶಕರು ಕುರ್ಚಿಯಲ್ಲಿ ನೆಟ್ಟಗಾದರು. "ಅದು ನಿಜ," ಎಂದರು. "ಎಡಗೈಯವನು ಪ್ರತಿ ಸಲ ಈ ಕ್ಯಾಚರೇ ಬೇಕು ಅಂತಾನೆ. ನನ್ನ ಹತ್ರ ಚಾರ್ಟ್ ಇದೆ." ಚೀಲದಿಂದ ಹಾಳೆಗಳ ಕಟ್ಟು ತೆಗೆದು, ಎಡಗೈಯವನು ಈ ಕ್ಯಾಚರಿಗೆ ಎಸೆದ ಆಟಗಳು, ಬೇರೆಯವರಿಗೆ ಎಸೆದ ಆಟಗಳು ಎಂದು ಎರಡು ಗುಂಪು ಮಾಡಿ ಮ್ಯಾನೇಜರ್ ಮುಂದೆ ಜೋಡಿಸಿದರು. ಮ್ಯಾನೇಜರ್ ಒಂದೊಂದೇ ತಿರುವಿ ನೋಡತೊಡಗಿದರು. ನಾನು ಕೋಟಿನ ತೋಳನ್ನು ಒಳಕ್ಕೆ ಮಡಚುತ್ತ ನಿಂತಿದ್ದೆ.

ಕೊನೆಗೆ ಅವರು ಹಿರಿಯ ಆಟಗಾರನ ಏಜೆಂಟಿಗೆ ಫೋನು ಮಾಡಿದರು. ಪಟ್ಟಿಯಲ್ಲಿ ಜಾಗವಿಲ್ಲದೆ ಬರೀ ಶಿಬಿರದ ಆಹ್ವಾನವೆಂದರೆ ನಮ್ಮವನಿಗೆ ಅವಮಾನ ಎಂದು ಏಜೆಂಟ್ ಫೋನಿಟ್ಟರಂತೆ. ಎಲ್ಲರೂ ನನ್ನ ಕಡೆ ನೋಡಿದರು. ನೆಲ ಬಾಯಿ ಬಿಡಬಾರದೇ ಎನಿಸಿತು. ಮ್ಯಾನೇಜರ್ ಮಾತ್ರ ಸ್ಯಾಂಡ್‌ವಿಚ್ ತರಿಸಿ ತಿಂದು, ಅರ್ಧ ಗಂಟೆ ಬಿಟ್ಟು ಮತ್ತೆ ಫೋನು ಮಾಡಿದರು. ಮಾರ್ಚ್ ಕೊನೆಯೊಳಗೆ ನಿಮ್ಮವನನ್ನು ಪಟ್ಟಿಗೆ ಸೇರಿಸುತ್ತೇವೆ, ಸೇರಿಸದಿದ್ದರೆ ಆ ದಿನವೇ ಅವನು ಎಲ್ಲಿಗೆ ಬೇಕಾದರೂ ಹೋಗಬಹುದು, ಬರೆದುಕೊಡುತ್ತೇನೆ ಎಂದರು. ಏಜೆಂಟ್ ಸಂಜೆಯವರೆಗೆ ಸಮಯ ಕೇಳಿದರು. ನಾಲ್ಕೂವರೆಗೆ ಒಪ್ಪಿಗೆ ಬಂತು.

ಮ್ಯಾನೇಜರ್ ಎದ್ದು ಹಲಗೆಯ ಹತ್ತಿರ ಹೋದರು. ಎಡಗೈಯವನ ಪಟ್ಟಿಯನ್ನು ಕಿತ್ತು ಮುಖ್ಯ ತಂಡದ ಸಾಲಿನ ಕೊನೆಗೆ ಅಂಟಿಸಿದರು. ಆಮೇಲೆ ಬಗ್ಗಿ, ತಟ್ಟೆಯಿಂದ ಕ್ಯಾಚರನ ಹೆಸರು ತೆಗೆದು ಕ್ಯಾರೊಲಿನಾದ ಕೆಳಗೆ ಒತ್ತಿದರು.

"ಇನ್ನು ಮೇಲೆ ಯಾವ ಟ್ರೇಡ್ ಆದ್ರೂ ಮೊದಲು ನಿಮಗೆ ಫೋನು," ಎಂದರು. "ಪುಸ್ತಕ ತೆಗೆದು ನೋಡಿ ಉತ್ತರ ಕೊಡಿ."

ಮರಳಿ ಬಂದ ಮೇಲಿನದು ಬರೀ ಕಾಗದದ ದುಡಿಮೆ, ಆದರೆ ಅಲ್ಲಿಯೂ ಕೆಲಸ ಕೆಡುವುದರಲ್ಲಿತ್ತು. ಎಡಗೈಯವನ ಅರ್ಜಿಗೆ ಆಟಗಾರರ ಸಂಘದಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಜನವರಿಯ ಹಿಮ ಬಿದ್ದು ಊರೇ ಬಾಗಿಲು ಹಾಕಿಕೊಂಡಿತು, ಪತ್ರ ಕೊರಿಯರ್ ಲಾರಿಯಲ್ಲಿ ಸಿಕ್ಕಿಬಿತ್ತು. ಅದಿಲ್ಲದೆ ಎಡಗೈಯವನು ಕ್ರೀಡಾಪಟುಗಳ ವೀಸಾಕ್ಕೆ ಹೋಗುವುದಿಲ್ಲ, ಅವನು ಹೋಗದೆ ಕ್ಯಾಚರಿಗೆ ಜಾಗವಿಲ್ಲ. ಮೊಣಕಾಲುದ್ದ ಹಿಮ ಗೋರಿ ಕಾರು ಹೊರತೆಗೆದು ಕಚೇರಿಗೆ ಹೋದೆ. ಸಂಘದವರನ್ನು ಕಾಡಿ ಬೇಡಿ ಪ್ರತಿಯನ್ನು ಫ್ಯಾಕ್ಸಿನಲ್ಲಿ ತರಿಸಿದೆ, ಮೂಲ ಪತ್ರ ಹಿಂದೆ ಬರುತ್ತದೆ ಎಂದು ಒಕ್ಕಣೆ ಬರೆದು ಎರಡೂ ಅರ್ಜಿಗಳನ್ನು ಒಂದೇ ದಿನ ಕಳಿಸಿದೆ. ಈ ಸಲ ಪ್ರತಿ ಸಾಲನ್ನೂ ಪುಸ್ತಕದ ಮೇಲೆ ಬೆರಳಿಟ್ಟು ಓದಿದೆ. ವಕೀಲರು ಸಹಿ ಹಾಕುವ ಮುಂಚೆ ಒಂದು ಪುಟವನ್ನೂ ತಿರುವಿ ನೋಡಲಿಲ್ಲ. ನೋಡುವುದಿಲ್ಲವೇ ಎಂದು ಕೇಳಿದೆ. "ನೀನು ನೋಡಿದೀಯಲ್ಲ," ಎಂದರು. ನನ್ನ ಜೀವನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಸರ್ಟಿಫಿಕೇಟು ಅದು.

ಫೆಬ್ರವರಿಯ ಕೊನೆಗೆ ಎರಡೂ ವೀಸಾ ಬಂದವು. ಕ್ಯಾಚರಿಗೆ ಇದಾವುದೂ ಗೊತ್ತಿರಲಿಲ್ಲ. ಅವನ ಹೆಸರಿನ ಮೇಲೆ ಬಿದ್ದಿದ್ದ ಗೀಟನ್ನು ಅವನಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಏಪ್ರಿಲ್ಲಿನ ಒಂದು ಭಾನುವಾರ ಗಂಡ, ಏಳು ವರ್ಷದ ಮಗಳು, ಪುಳಿಯೋಗರೆಯ ಡಬ್ಬಿ ಎಲ್ಲವನ್ನೂ ಕಾರಿಗೆ ತುಂಬಿಕೊಂಡು ಆ ಕ್ಯಾರೊಲಿನಾದ ಊರಿಗೆ ಹೋದೆ. ಮರದ ಬೆಂಚುಗಳ ಸಣ್ಣ ಮೈದಾನ, ಅರ್ಧಕ್ಕರ್ಧ ಖಾಲಿ. ಕ್ಯಾಚರ್ ಮುಖವಾಡ ತೊಟ್ಟು ಮಂಡಿ ಮಡಚಿ ಕೂತ. ಎಸೆಯುವವನಿಗೆ ಬೆರಳಿನಲ್ಲಿ ಸನ್ನೆ ಮಾಡಿದ, ಮಣ್ಣಿಗೆ ಬಿದ್ದ ಚೆಂಡನ್ನು ಎದೆಯೊಡ್ಡಿ ತಡೆದ. ಆಮೇಲೆ ಬ್ಯಾಟ್ ಹಿಡಿದು ಬಂದ. ಮೂರು ಚೆಂಡಿಗೆ ಮೂರು ಸಲ ಗಾಳಿ ಹೊಡೆದು, ಔಟಾಗಿ, ತಲೆ ತಗ್ಗಿಸಿ ವಾಪಸ್ಸು ಹೊರಟ. ಮೈದಾನದಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ನಾನೊಬ್ಬಳೇ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಮಗಳು ನಾಚಿಕೆಯಿಂದ ನನ್ನ ಕೈ ಎಳೆದಳು. "ಅಮ್ಮಾ, ಹೀ ಸ್ಟ್ರಕ್ ಔಟ್. ಯಾಕೆ ಕ್ಲ್ಯಾಪ್ ಮಾಡ್ತೀಯ?"

"ಬಂದಿದಾನಲ್ಲ, ಅದಕ್ಕೆ," ಎಂದೆ.